ನಮ್ಮ ಬ್ಯಾಂಡಿನ ರೈಟ್ರು

ರೈಟ್ರು ಹೋದರೆಂದು ಪ್ರಸನ್ನ ಫೋನ್ ಮಾಡಿದಾಗ ನಾನು ಸ್ಕೂಲಿನಲ್ಲಿದ್ದೆ. “ಯಾವ ರೈಟ್ರು?” ಎಂದು ಕೇಳಿದೆ. ಗೊತ್ತಿದ್ದೇ ಕೇಳಿದ್ದು. ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವವರನ್ನು ನಮ್ಮ ಕಡೆ ರೈಟ್ರು ಎನ್ನುತ್ತಾರೆ. ಮೂಡಿಗೆರೆಯಿಂದ ಕಳಸದವರೆಗೆ ಅಂಥವರು ಎಷ್ಟೋ ಜನ ಇದ್ದಾರು. ಆದರೆ ನನಗೂ ಪ್ರಸನ್ನನಿಗೂ ರೈಟ್ರು ಎಂದರೆ ಒಬ್ಬರೇ. ಉತ್ತರ ಸ್ವಲ್ಪ ತಡವಾಗಿ ಬರಲಿ ಎಂದು ಕೇಳಿದೆ, ಅಷ್ಟೆ.

“ನಮ್ಮ ರೈಟ್ರೇ ಮಾರಾಯ್ತಿ. ಬೆಳಿಗ್ಗೆ ಕಾಫಿ ಕುಡಿದು ಕೂತವರು ಏಳಲೇ ಇಲ್ಲವಂತೆ. ಎರಡು ಗಂಟೆಗೆ ಮಣ್ಣು. ನೀನು ಹೊರಟಿರು, ಕಾರು ತರ್ತೇನೆ.”

ನಾನು ಹೋಗಲಿಲ್ಲ. ಪರೀಕ್ಷೆ ನಡೀತಿದೆ, ರಜೆ ಸಿಗುವುದಿಲ್ಲ ಎಂದೆ. ಪರೀಕ್ಷೆಯೂ ಇರಲಿಲ್ಲ, ಕೇಳಿದ್ದರೆ ನಮ್ಮ ಹೆಡ್‌ಮೇಡಂ ರಜೆ ಇಲ್ಲ ಅನ್ನುತ್ತಲೂ ಇರಲಿಲ್ಲ. ನನಗೆ ಹೆದರಿಕೆಯಾಯಿತು. ಅವರ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೆ. ಹತ್ತು ವರ್ಷದ ಹಿಂದಿನ ತಪ್ಪು. ಅದು ಅವರ ಮನೆಯವರಿಗೆ ಗೊತ್ತಿದೆಯೋ ಇಲ್ಲವೋ ನನಗೆ ತಿಳಿಯದು. ಹೆಣದ ಮುಂದೆ ನಿಂತಾಗ ಅವರ ಹೆಂಡತಿ ನನ್ನ ಮುಖ ನೋಡಿದರೆ ನಾನು ಎತ್ತ ನೋಡಲಿ, ಎನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು. ಮನುಷ್ಯ ಸತ್ತ ದಿನವೂ ನನಗೆ ನನ್ನದೇ ಚಿಂತೆ.

ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಬ್ಯಾಂಡಿನ ಕ್ಯಾಸೆಟ್ಟಿನ ಕವರಿನ ಮೇಲೆ ಚಹಾ ತಂದುಕೊಟ್ಟವನ ಹೆಸರು ಸಮೇತ ಅಚ್ಚಾಯಿತು, ಅವರದ್ದು ಆಗಲಿಲ್ಲ. ಆಗ ಸುಮ್ಮನಿದ್ದವಳು ಈಗ ಹೆಸರು ಬರೆದು ದೊಡ್ಡವಳಾಗುವುದು ಬೇಡ.

ಹೌದು, ನಮ್ಮದೊಂದು ಬ್ಯಾಂಡ್ ಇತ್ತು. ನಗಬೇಡಿ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಕನ್ನಡದಲ್ಲೂ ಪಾಪ್ ಕ್ಯಾಸೆಟ್ಟುಗಳು ಬರತೊಡಗಿದ್ದವು. ಮೂಡಿಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದವರ ಮಗ ಪ್ರಸನ್ನ ಕೀಬೋರ್ಡ್ ಕಲಿತು, ಸಿನಿಮಾ ಹಾಡು ಎಷ್ಟು ದಿನ ಬಾರಿಸುವುದು, ನಮ್ಮದೇ ಹಾಡು ಮಾಡೋಣ ಎಂದು ಹೊರಟ. ಗಿಟಾರಿಗೆ ಇಬ್ಬರು, ಡ್ರಮ್ಸಿಗೆ ಒಬ್ಬ, ಹಾಡಲಿಕ್ಕೆ ನಾನು. ಬ್ಯಾಂಡಿನ ಹೆಸರು ಮೂರು ಸಲ ಬದಲಾಯಿತು, ಮೂರೂ ಇಂಗ್ಲಿಷು, ಮೂರನ್ನೂ ನಮ್ಮ ಬ್ಯಾನರ್ ಬರೆಯುವವನು ತಪ್ಪಾಗಿಯೇ ಬರೆದ. ಸ್ಕೂಲ್ ಡೇ, ಗಣಪತಿ ಪೆಂಡಾಲು, ಮದುವೆ ಆರತಕ್ಷತೆ, ಎಸ್ಟೇಟಿನವರ ಕ್ಲಬ್ಬು, ಎಲ್ಲಿ ಕರೆದರೂ ಹೋಗುತ್ತಿದ್ದೆವು. ಅಲ್ಲೆಲ್ಲ ಜನರ ಹಿಂದೆ ಒಂದು ಕಬ್ಬಿಣದ ಕುರ್ಚಿಯಲ್ಲಿ ಮಿಕ್ಸರ್ ಮುಂದಿಟ್ಟುಕೊಂಡು ಕೂರುತ್ತಿದ್ದವರು ರೈಟ್ರು.

ಸಣ್ಣ ಆಳು. ಬಿಳಿ ಅರ್ಧ ತೋಳಿನ ಶರಟು, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಕೊಡೆ. ಬಾಳೂರಿನ ಹತ್ತಿರದ ಎಸ್ಟೇಟಿನಲ್ಲಿ ಇಪ್ಪತ್ತೆಂಟು ವರ್ಷ ಹಾಜರಿ ಬರೆದವರು. ಸೌಂಡ್ ಕೆಲಸ ಕಲಿತಿದ್ದು ಹೇಗೆಂದು ಕೇಳಿದರೆ, “ಆಗಸ್ಟ್ ಹದಿನೈದಕ್ಕೆ ಸಾವ್ಕಾರ್ರು ಒಂದು ಮೈಕ್ ಸೆಟ್ ತಂದ್ರು. ಅದು ಹಾಳಾಯ್ತು. ರಿಪೇರಿಗೆ ಕೊಡೋದು ಯಾಕೆ ಅಂತ ಬಿಚ್ಚಿದೆ,” ಎನ್ನುತ್ತಿದ್ದರು. ಅಷ್ಟೇ ಅವರ ಸಂಗೀತ ವಿದ್ಯಾಭ್ಯಾಸ.

ಮನೆಯಲ್ಲಿ ನನ್ನನ್ನು ಹಾಡಲು ಬಿಟ್ಟಿದ್ದೇ ಅವರಿಂದ. ನಮ್ಮಪ್ಪ ಮೇಷ್ಟ್ರು. ನಾಲ್ಕು ಜನ ಗಂಡು ಹುಡುಗರ ಜೊತೆ ಮಗಳು ಜೀಪಿನಲ್ಲಿ ಊರೂರು ತಿರುಗುವುದು ಅವರಿಗೆ ಸರಿಬರಲಿಲ್ಲ. ರೈಟ್ರು ಒಂದು ಭಾನುವಾರ ಮನೆಗೆ ಬಂದು, ಕಾಫಿ ಕುಡಿದು, “ಮೇಷ್ಟ್ರೇ, ಟೀಚರನ್ನ ನಾನೇ ಕರ್ಕೊಂಡು ಹೋಗಿ ನಾನೇ ತಂದು ಬಿಡ್ತೇನೆ,” ಎಂದರು. ನಾನಾಗ ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದೆ, ಅದಕ್ಕೇ ಟೀಚರು. ನನಗೆ ಇಪ್ಪತ್ತೆರಡು, ಅವರಿಗೆ ಐವತ್ತು ದಾಟಿತ್ತು. ಆದರೂ ಕೊನೆಯವರೆಗೂ ನನ್ನನ್ನು ನೀವು ಎಂದೇ ಕರೆದರು.

ಎಸ್ಟೇಟಿನ ಅಭ್ಯಾಸವನ್ನೇ ಅವರು ಬ್ಯಾಂಡಿಗೂ ತಂದಿದ್ದರು. ಒಂದೊಂದು ವೈರಿಗೂ ನಂಬರು. ಕಾರ್ಯಕ್ರಮ ಮುಗಿದು ಸಾಮಾನು ಕಟ್ಟುವಾಗ ಹಳೇ ಚೆಕ್‌ರೋಲ್ ಪುಸ್ತಕ ತೆಗೆದು ಆಳುಗಳ ಹಾಜರಿ ಕೂಗಿದಂತೆ ಕೂಗುತ್ತಿದ್ದರು. “ವೈರು ಏಳು.” ನಾವು ಹುಡುಕಿ “ಇದೆ” ಎನ್ನಬೇಕು. “ವೈರು ಎಂಟು.” “ಇದೆ.” ಗಿಟಾರಿನವರು ಬೇಕೆಂದೇ “ಎಂಟಕ್ಕೆ ಜ್ವರ ರೈಟ್ರೇ, ರಜೆ” ಎಂದರೆ ಗಂಭೀರವಾಗಿ ಕನ್ನಡಕದ ಮೇಲಿಂದ ನೋಡಿ, “ಚೀಟಿ ತಂದಿದೆಯಾ?” ಎಂದು ಕೇಳುತ್ತಿದ್ದರು. ನಗುತ್ತಿರಲಿಲ್ಲ. ನಗದೆ ನಗಿಸುವ ಜಾತಿ.

ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಇನ್ನು ಮೈಕು ಉಳಿಯುತ್ತದೆಯೇ. ಅವರು ಸಾವ್ಕಾರರ ಅಪ್ಪಣೆ ಪಡೆದು ಮೈಕುಗಳನ್ನೆಲ್ಲ ಹಣ್ಣಿನ ಸಿಪ್ಪೆ ತೆಗೆದ ಪಾರ್ಚ್‌ಮೆಂಟ್ ಕಾಫಿ ಇಡುವ ಗೋದಾಮಿನಲ್ಲಿ, ಒಣಗಿದ ಬೀಜದ ಚೀಲದೊಳಗೆ ಹೂತಿಡುತ್ತಿದ್ದರು. ಇಡೀ ಎಸ್ಟೇಟಿನಲ್ಲಿ ತೇವ ತಾಗದ ಜಾಗ ಅದೊಂದೇ. ಹಾಗಾಗಿ ಹಾಡಲು ಬಾಯಿ ತೆರೆದ ಕೂಡಲೇ ನನ್ನ ಮೂಗಿಗೆ ಬರುತ್ತಿದ್ದದ್ದು ಕಾಫಿ ಹೊಟ್ಟಿನ ವಾಸನೆ.

ಅದಕ್ಕಿಂತ ವಿಚಿತ್ರ ಅವರ ಹಗ್ಗ. ಕಾಫಿ ಗಿಡ ನೆಡುವಾಗ ಗುಂಡಿ ಒಂದೇ ಸಾಲಿನಲ್ಲಿ, ಒಂದೇ ದೂರದಲ್ಲಿ ಬರಬೇಕೆಂದು ಗಂಟು ಹಾಕಿದ ಹಗ್ಗ ಎಳೆಯುತ್ತಾರೆ. ರೈಟ್ರು ಅಂಥದ್ದೇ ಹಗ್ಗ ಹಿಡಿದು ಬರುತ್ತಿದ್ದರು. ಸಂಜೆ ನಾಲ್ಕಕ್ಕೆ ಕಾರ್ಯಕ್ರಮ ಇದ್ದರೆ ಬೆಳಿಗ್ಗೆ ಒಂಬತ್ತಕ್ಕೇ ಹಾಜರು. ಸ್ಟೇಜಿನ ಮೈಕಿನಿಂದ ಸ್ಪೀಕರ್ ಬಾಕ್ಸಿಗೆ ಇಷ್ಟು ಗಂಟು, ಗೋಡೆಯಿಂದ ಬಾಕ್ಸಿಗೆ ಇಷ್ಟು ಗಂಟು. ಅಳೆದು ಸುಣ್ಣದಲ್ಲಿ ಗುರುತು ಹಾಕಿ, “ಇದನ್ನ ಯಾರೂ ಅಲ್ಲಾಡಿಸಬೇಡಿ,” ಎಂದು ಪೆಂಡಾಲಿನವರಿಗೆಲ್ಲ ಹೇಳಿಬರುತ್ತಿದ್ದರು. ಮಿಕ್ಸರಿನ ತಿರುಗಿಸುವ ಗುಂಡಿಗಳ ಪಕ್ಕದಲ್ಲೆಲ್ಲ ಬಿಳಿ ಪೇಂಟಿನ ಚುಕ್ಕೆ. ಒಂದೊಂದು ಹಾಡಿಗೆ ಒಂದೊಂದು ಚುಕ್ಕೆ. ಬೇರೆ ಸೌಂಡಿನವರು ಕಿವಿಯಲ್ಲಿ ಕೇಳುತ್ತ ಆಚೀಚೆ ತಿರುಗಿಸುತ್ತಾರೆ, ಇವರು ನೋಡಿ ಇಡುತ್ತಾರೆ. ಮುದುಕರ ಚಾಳಿ ಎಂದು ನಾವು ನಗುತ್ತಿದ್ದೆವು. ಆದರೆ ನಾಲ್ಕು ವರ್ಷದಲ್ಲಿ ನಮ್ಮ ಮೈಕು ಒಂದು ಸಲವೂ ಕುಂಯ್ ಎಂದು ಕೂಗಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವರ ಕ್ವಾರ್ಟರ್ಸಿನ ಅಂಗಳದಲ್ಲಿ ಪ್ರಾಕ್ಟೀಸ್. ಅವರ ಹೆಂಡತಿ ಸರೋಜಕ್ಕ ಒಳಗಿನಿಂದಲೇ ಕೂಗುತ್ತಿದ್ದರು. “ಇವರ ಗಲಾಟೆಗೆ ನನ್ನ ಕೋಳಿ ಮೊಟ್ಟೆ ಇಡೋದು ಬಿಟ್ಟಿದೆ. ನಿಮಗೆ ಬೇರೆ ಕೆಲಸ ಇಲ್ವಾ, ಈ ಪ್ರಾಯದಲ್ಲಿ ಎಂತ ಹುಡುಗಾಟಿಕೆ?” ರೈಟ್ರು ನಮ್ಮ ಕಡೆ ತಿರುಗಿ ಮೆಲ್ಲಗೆ, “ಬೈಗುಳ ಜೋರಿದ್ದರೆ ಇವತ್ತು ಕಡುಬು ಇದೆ ಅಂತ ಅರ್ಥ,” ಎನ್ನುತ್ತಿದ್ದರು. ಇರುತ್ತಿತ್ತು.

ಇನ್ನು ನನ್ನ ವಿಷಯ. ನಾನು ಹುಟ್ಟಾ ಪುಕ್ಕಲಿ. ಮನೆಯಲ್ಲಿ ಹಾಡಿದರೆ ಕೇಳಬೇಕು, ಸ್ಟೇಜ್ ಹತ್ತಿದರೆ ಕಾಲು ನಡುಗಿ ಶ್ರುತಿ ಇಳಿಯುತ್ತಿತ್ತು. ಅದು ನನಗೇ ತಿಳಿಯುತ್ತಿರಲಿಲ್ಲ, ಅದೇ ದೊಡ್ಡ ಭಯ. ಮೊದಲನೇ ಕಾರ್ಯಕ್ರಮದ ದಿನ ಹಾಡುವುದಿಲ್ಲ ಎಂದು ಹಿಂದಿನ ಮೆಟ್ಟಿಲಿನ ಮೇಲೆ ಕೂತುಬಿಟ್ಟೆ. ರೈಟ್ರು ಬಂದು ಪಕ್ಕದಲ್ಲಿ ನಿಂತರು. “ಗಾಬರಿ ಆಗ್ಲಿ ಬಿಡಿ. ಗಾಬರಿ ಇದ್ದವರೇ ಕೆಲಸ ಸರಿ ಮಾಡೋದು. ನೀವು ಹಾಡ್ತಾ ನನ್ನ ಕಡೆ ನೋಡಿ. ಶ್ರುತಿ ಇಳಿದರೆ ನಾನು ಎರಡು ಬೆರಳು ಎತ್ತುತ್ತೇನೆ. ಸರಿ ಇದ್ದರೆ ಕೈ ಟೇಬಲಿನ ಮೇಲೇ ಇರ್ತದೆ.”

ನಾಲ್ಕು ವರ್ಷ ನಾನು ಹಾಗೆಯೇ ಹಾಡಿದೆ. ಎದುರಿಗೆ ಸಾವಿರ ಜನ ಇರಲಿ, ನನಗೆ ಕಾಣುತ್ತಿದ್ದದ್ದು ಜನರ ಹಿಂದಿನ ಆ ಎರಡು ಬೆರಳು. ಅವು ಎದ್ದರೆ ಸರಿಮಾಡಿಕೊಳ್ಳುತ್ತಿದ್ದೆ. ಒಂದು ಸಲವೂ ಅವು ತಪ್ಪಾಗಿ ಎದ್ದದ್ದಿಲ್ಲ.

ನಾಲ್ಕನೇ ವರ್ಷ ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿಯವರು ಪತ್ರ ಬರೆದರು. ಪ್ರಸನ್ನ ಕಳಿಸಿದ್ದ ಹಾಡು ಅವರಿಗೆ ಹಿಡಿಸಿತ್ತು. ಒಂದು ಭಾನುವಾರ ಚಿಕ್ಕಮಗಳೂರಿಗೆ ಬರುತ್ತೇವೆ, ಇಡೀ ಬ್ಯಾಂಡ್ ಕೂತು ಹಾಡಿ ತೋರಿಸಿ, ಹಿಡಿಸಿದರೆ ಕ್ಯಾಸೆಟ್ ಮಾಡೋಣ ಎಂದಿದ್ದರು. ಪ್ರಸನ್ನ ಆ ಪತ್ರಕ್ಕೆ ಪ್ಲಾಸ್ಟಿಕ್ ಹಾಕಿಸಿದ. ನನಗೆ ಅವತ್ತಿನಿಂದಲೇ ಊಟ ಸೇರಲಿಲ್ಲ.

ಆ ಭಾನುವಾರಕ್ಕೆ ಹದಿನೈದು ದಿನ ಇರುವಾಗ ಕಳಸದ ದಾರಿಯ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆವು. ಮಧ್ಯಾಹ್ನದ ಕಾರ್ಯಕ್ರಮ. ರೈಟ್ರು ಎಂದಿನಂತೆ ಹಗ್ಗ ಎಳೆದು ಗುರುತು ಹಾಕಿ ಊಟಕ್ಕೆ ಹೋದಾಗ, ಅತಿಥಿಗಳ ಸೋಫಾಕ್ಕೆ ಜಾಗ ಸಾಲದೆಂದು ಯಾರೋ ಒಂದು ಬಾಕ್ಸನ್ನು ಸ್ಟೇಜಿನ ಪಕ್ಕಕ್ಕೆ ಸರಿಸಿಬಿಟ್ಟಿದ್ದರು, ಜನರ ಮರೆಯಲ್ಲಿ ಅದು ಅವರಿಗೆ ಕಾಣಲಿಲ್ಲ. ನಾನು ಹಾಡಲು ಶುರುಮಾಡಿದ್ದೇ ಮೈಕು ಕೂಗತೊಡಗಿತು. ಕೂಗು ಎಂದರೆ ಅಂಥಿಂಥ ಕೂಗಲ್ಲ, ಹಲ್ಲು ಜುಮ್ಮೆನ್ನುವಂಥದ್ದು. ಮುಂದೆ ಕೂತ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡರು.

ರೈಟ್ರು ತಲೆ ತಗ್ಗಿಸಿ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದರು. ಬರೆಯುತ್ತಲೇ ಇದ್ದರು. ಸುತ್ತ ಇಷ್ಟು ಜನ ಒದ್ದಾಡುತ್ತಿರುವಾಗ ಆ ಮನುಷ್ಯ ಮಾತ್ರ ನೆಮ್ಮದಿಯಾಗಿದ್ದಾರೆ. ಆಮೇಲೆ ತಲೆಯೆತ್ತಿ, ಮಕ್ಕಳ ಕೈ ಕಿವಿಯ ಮೇಲಿರುವುದನ್ನು ನೋಡಿ, ತಟಕ್ಕನೆ ಮಿಕ್ಸರ್ ತಿರುಗಿಸಿದರು. ಕೂಗು ನಿಂತಿತು. ಎಲ್ಲರೂ ನಕ್ಕರು, ಹಾಡು ಮುಂದುವರಿಯಿತು. ಅವರು ಮಕ್ಕಳನ್ನು ನೋಡಿ ತಿಳಿದುಕೊಂಡದ್ದನ್ನು ಕಂಡವಳು ನಾನೊಬ್ಬಳೇ, ಏಕೆಂದರೆ ಅವರನ್ನೇ ನೋಡುತ್ತ ಹಾಡುತ್ತಿದ್ದವಳು ನಾನೊಬ್ಬಳೇ.

ವಾಪಸು ಬರುವಾಗ ಜೀಪಿನ ಹಿಂಬದಿಯಲ್ಲಿ ಸಾಮಾನಿನ ನಡುವೆ ನಾವಿಬ್ಬರೇ ಇದ್ದೆವು. ಅವರ ಕಿವಿಯ ಹತ್ತಿರ ಬಾಗಿ ಕೇಳಿದೆ. “ರೈಟ್ರೇ, ಮೈಕ್ ಕೂಗಿದ್ದು ನಿಮಗೆ ಕೇಳಲಿಲ್ವಾ?”

ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಕೇಳಲಿಲ್ಲ ಟೀಚರೇ. ಸುಮಾರು ಸಮಯ ಆಯ್ತು. ಮಾತು ಕೇಳ್ತದೆ, ಡ್ರಮ್ಸ್ ಕೇಳ್ತದೆ. ಕೀರಲು ಶಬ್ದ, ಸಣ್ಣ ಶಬ್ದ ಎಲ್ಲ ಹೋಗಿದೆ. ಹಕ್ಕಿ ಕೂಗೋದೂ ಕೇಳೋದಿಲ್ಲ.”

“ಡಾಕ್ಟ್ರಿಗೆ ತೋರಿಸಿದ್ರಾ?”

“ತೋರಿಸಿದೆ. ಕಿವಿಗೆ ಮಿಷನ್ ಹಾಕ್ಕೊಳ್ಳಿ ಅಂದ್ರು. ಮಿಷನ್ ಹಾಕ್ಕೊಂಡವನು ಸೌಂಡ್ ಮುಂದೆ ಕೂತರೆ ನಿಮ್ಮ ಬ್ಯಾಂಡನ್ನ ಯಾರು ಕರೀತಾರೆ?” ಎಂದರು. ಜೀಪು ಒಂದು ತಿರುವು ದಾಟಿದ ಮೇಲೆ ಮತ್ತೆ ಹೇಳಿದರು. “ಕಂಪನಿಯವರದ್ದು ಒಂದು ಆಗ್ಲಿ. ಅದೊಂದನ್ನ ಮಾಡ್ಬೇಕು ಅಂತ ಆಸೆ ಇದೆ. ಆಮೇಲೆ ನಾನೇ ಪ್ರಸನ್ನನಿಗೆ ಹೇಳಿ ಬಿಟ್ಟುಬಿಡ್ತೇನೆ. ಅಲ್ಲಿವರೆಗೆ ಇದು ನಿಮ್ಮ ಹತ್ರ ಇರಲಿ. ನಿಮಗೊಬ್ಬರಿಗೇ ಹೇಳಿದ್ದು.”

“ಯಾರಿಗೂ ಹೇಳೋದಿಲ್ಲ ರೈಟ್ರೇ,” ಎಂದೆ. ಅವರ ಕೈ ಮುಟ್ಟಿ ಹೇಳಿದೆ.

ಎಂಟು ದಿನ ಹೇಳಲಿಲ್ಲ. ಕಾಫಿ ಹೂವರಳಿಸುವ ಹೂಮಳೆಯ ಕಾಲ ಅದು, ಊರಿನವರೆಲ್ಲ ಮಳೆ ಬರುತ್ತದೋ ಇಲ್ಲವೋ ಎಂದು ಆಕಾಶ ನೋಡುತ್ತಿದ್ದರು. ನನಗೆ ಮೋಡ ಬಂದರೂ ಒಂದೇ, ಹೋದರೂ ಒಂದೇ. ಪಾಠ ಹೇಳುವಾಗ, ತಲೆ ಬಾಚುವಾಗ, ಸ್ನಾನ ಮಾಡುವಾಗ, ಕಿವಿಯಲ್ಲಿ ಅದೇ ಕೂಗು. ಕಂಪನಿಯವರು ಎದುರಿಗೆ ಕೂತಿದ್ದಾರೆ, ಮೈಕು ಕೂಗುತ್ತಿದೆ, ರೈಟ್ರು ತಲೆ ತಗ್ಗಿಸಿ ಬರೆಯುತ್ತಿದ್ದಾರೆ. ಅದಕ್ಕಿಂತ ಕೆಟ್ಟ ಯೋಚನೆ ಇನ್ನೊಂದು. ಸಣ್ಣ ಶಬ್ದವೇ ಕೇಳದವರಿಗೆ ನನ್ನ ಶ್ರುತಿ ಇಳಿದದ್ದು ಹೇಗೆ ಕೇಳೀತು? ಅವರು ಬೆರಳು ಎತ್ತದಿದ್ದರೆ ಸರಿ ಇದೆ ಎಂದು ನಂಬಿ ನಾನು ಕೊನೆಯವರೆಗೂ ತಪ್ಪೇ ಹಾಡಿಬಿಟ್ಟರೆ? ನಾಲ್ಕು ಹುಡುಗರ ಬದುಕು, ನನ್ನ ಬದುಕು, ಎಲ್ಲ ಒಂದು ಮಧ್ಯಾಹ್ನದ ಮೇಲೆ ನಿಂತಿದೆ ಎಂದು ಆಗ ಅನಿಸುತ್ತಿತ್ತು. ಅಮ್ಮ ದೃಷ್ಟಿ ತೆಗೆದಳು, ಅಪ್ಪ ಕಷಾಯ ಕುಡಿಸಿದರು.

ಒಂಬತ್ತನೇ ದಿನ ಪ್ರಸನ್ನನ ಅಂಗಡಿಗೆ ಹೋದೆ. ಅವನು ಯಾರಿಗೋ ಮೊಳೆ ತೂಗುತ್ತಿದ್ದ. ಗಿರಾಕಿ ಹೋಗುವವರೆಗೆ ಕಾದು ಹೇಳಿಬಿಟ್ಟೆ.

“ಅಯ್ಯೋ ಮಾರಾಯ್ತಿ,” ಎಂದು ಸ್ಟೂಲಿನ ಮೇಲೆ ಕುಸಿದು ಕೂತ. “ಎಂತ ಹೇಳ್ತಿದ್ದೀಯ? ಕಿವಿ ಕೇಳದವರ ಕೈಲಿ ಸೌಂಡ್ ಕೊಟ್ಟು ನಾವು ಕಂಪನಿಯವರ ಮುಂದೆ ಕೂರೋದಾ?”

“ಅವರಿಗೆ ಬೇಜಾರಾಗದ ಹಾಗೆ ಮಾಡು. ನಾನು ಹೇಳಿದ್ದು ಅಂತ ಗೊತ್ತಾಗಬಾರದು,” ಎಂದೆ. ನೋಡಿ, ಅಲ್ಲಿಯೂ ನನಗೆ ಮುಖ್ಯವಾದದ್ದು ಎರಡನೇ ಮಾತು.

ಎರಡು ದಿನ ಬಿಟ್ಟು ಸಂಜೆ ರೈಟ್ರ ಅಂಗಳದಲ್ಲಿ ಪ್ರಾಕ್ಟೀಸಿಗೆ ಎಲ್ಲರೂ ಸೇರಿದಾಗ ಪ್ರಸನ್ನ ಹೇಳಿದ. “ರೈಟ್ರೇ, ಚಿಕ್ಕಮಗಳೂರಿನ ಹಾಲಿನವರದ್ದೇ ಸೌಂಡ್ ಅಂತೆ. ಹೊರಗಿನವರನ್ನ ಬಿಡೋದಿಲ್ಲವಂತೆ.” ರೈಟ್ರು ಮೈಕು ಒರೆಸುತ್ತಿದ್ದರು. ಒಂದು ಸಲ ತಲೆಯೆತ್ತಿದರು. ಪ್ರಸನ್ನನ ಕಡೆಗಲ್ಲ, ನನ್ನ ಕಡೆ ನೋಡಿದರು. ನಾನು ಕಾಲಿನ ಹೆಬ್ಬೆರಳು ನೋಡಿಕೊಂಡೆ.

“ಹೌದಾ,” ಎಂದರು. “ಮೈಕಾದ್ರೂ ನಮ್ಮದೇ ತಗೊಂಡು ಹೋಗಿ. ಟೀಚರಿಗೆ ಬೇರೆ ಮೈಕ್ ಅಭ್ಯಾಸ ಇಲ್ಲ.”

ಅವರು ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಬಸ್ಸಿನಲ್ಲಿ ಬಂದು, ಹಾಲಿನ ಕೊನೆಯ ಸಾಲಿನಲ್ಲಿ ಕೊಡೆಯನ್ನು ಮೊಣಕಾಲ ನಡುವೆ ನಿಲ್ಲಿಸಿ ಕೂತರು. ನಾನು ಅವರು ಕೂರುವವರೆಗೆ ನೋಡಿದೆ, ಅಷ್ಟೆ. ಮತ್ತೆ ಆ ಕಡೆ ಕಣ್ಣು ಹಾಯಿಸಲಿಲ್ಲ. ಪ್ರಸನ್ನ ಗೊತ್ತುಮಾಡಿದ್ದ ಹೊಸ ಸೌಂಡಿನವನು ಒಳ್ಳೆಯ ಕೆಲಸಗಾರ, ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡಿದ್ದ. ಮೈಕು ಕೂಗಲಿಲ್ಲ. ಎಲ್ಲವೂ ನುಣ್ಣಗೆ ಕೇಳುತ್ತಿತ್ತು. ಕಂಪನಿಯವರು ಇಬ್ಬರು, ಮೂರನೇ ಸಾಲಿನಲ್ಲಿ.

ಮೊದಲನೇ ಹಾಡು ಹೇಗೋ ಆಯಿತು. ಎರಡನೆಯದರಲ್ಲಿ ನನ್ನ ಕಾಲು ನಡುಗತೊಡಗಿತು. ಅಭ್ಯಾಸಬಲದಿಂದ ಕಣ್ಣು ಹಿಂದಿನ ಸಾಲಿಗೆ ಓಡಿತು, ನಾನೇ ಎಳೆದು ತಂದೆ. ಯಾವ ಮುಖ ಇಟ್ಟುಕೊಂಡು ನೋಡಲಿ? ಹೊಸಬನ ಕಡೆ ನೋಡಿದೆ, ಅವನು ತನ್ನ ಮಿಕ್ಸರ್ ನೋಡುತ್ತಿದ್ದ. ಗೋಡೆ ನೋಡಿಕೊಂಡು ಹಾಡಿ ಮುಗಿಸಿದೆ. ಸರಿಯಾಗಿಯೇ ಹಾಡಿದೆ ಎಂದುಕೊಂಡಿದ್ದೆ.

ಅರ್ಧ ಗಂಟೆಯ ಮೇಲೆ ಕಂಪನಿಯವರು ಪ್ರಸನ್ನನನ್ನು ಪಕ್ಕಕ್ಕೆ ಕರೆದರು. ಕ್ಯಾಸೆಟ್ ಮಾಡುತ್ತಾರೆ. ಹಾಡುಗಳು ಹಿಡಿಸಿವೆ, ಹುಡುಗರು ಹಿಡಿಸಿದ್ದಾರೆ. ಹೆಣ್ಣು ದನಿ ಮಾತ್ರ ಶ್ರುತಿಗೆ ನಿಲ್ಲುವುದಿಲ್ಲ, ಅದನ್ನು ಬೆಂಗಳೂರಿನಲ್ಲಿ ಬೇರೆಯವರಿಂದ ಹಾಡಿಸೋಣ ಎಂದರು. ಪ್ರಸನ್ನ ಅದನ್ನು ನನಗೆ ಹೇಳುವಾಗ ಅಳುತ್ತಿದ್ದ. ಪಾಪ, ಅವನಿಗೆ ಖುಷಿಯೂ ಇತ್ತು, ತೋರಿಸುವಂತಿರಲಿಲ್ಲ. ಅವರೆಲ್ಲ ವ್ಯಾನಿನಲ್ಲಿ ಹೋಟೆಲಿಗೆ ಹೋದರು. ನಾನು ತಲೆನೋವೆಂದು ಬಸ್‌ಸ್ಟ್ಯಾಂಡಿಗೆ ನಡೆದೆ.

ಮೂಡಿಗೆರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ರೈಟ್ರು ಬಂದು ಪಕ್ಕದಲ್ಲಿ ಕೂತರು. ನಮ್ಮಪ್ಪನಿಗೆ ಕೊಟ್ಟ ಮಾತು, ಮನೆಗೆ ತಂದು ಬಿಡಬೇಕಲ್ಲ. ಸುಮಾರು ದೂರ ಹೋದ ಮೇಲೆ ಅವರೇ ಹೇಳಿದರು.

“ಎರಡನೇ ಹಾಡಲ್ಲಿ ಭುಜ ಮೇಲಕ್ಕೆ ಎತ್ತಿಬಿಟ್ರಿ.”

“ಏನು?”

“ಗಾಬರಿ ಆದಾಗ ನಿಮ್ಮ ಎಡಗಡೆ ಭುಜ ಮೇಲೆ ಹೋಗ್ತದೆ. ಭುಜ ಹೋದ ಕೂಡಲೇ ಶ್ರುತಿ ಇಳೀತದೆ. ಮೊದಲನೇ ತಿಂಗಳ ಪ್ರಾಕ್ಟೀಸಲ್ಲಿ ಪ್ರಸನ್ನ ನಿಮ್ಮ ಶ್ರುತಿ ಇಳಿದಾಗೆಲ್ಲ ಮುಖ ಗಂಟು ಹಾಕ್ತಿದ್ದ. ಅವನ ಮುಖ, ನಿಮ್ಮ ಭುಜ, ಎರಡನ್ನೂ ನೋಡಿ ನೋಡಿ ಗುರುತು ಇಟ್ಟುಕೊಂಡೆ. ನನ್ನ ಕಿವಿ ಆವಾಗಲೇ ಹೋಗಿತ್ತಲ್ಲ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಾಲ್ಕು ವರ್ಷ ಅವರು ಕೇಳಿ ಬೆರಳೆತ್ತಿದ್ದೇ ಅಲ್ಲ. ನೋಡಿ ಎತ್ತಿದ್ದು. ಹಗ್ಗದ ಗಂಟು, ಪೇಂಟಿನ ಚುಕ್ಕೆ, ಚೆಕ್‌ರೋಲ್ ಪುಸ್ತಕ, ನಾವು ಚಾಳಿ ಎಂದು ನಕ್ಕಿದ್ದೆಲ್ಲವೂ ಆ ಕಿವಿಯ ಬದಲಿಗೆ ಕಟ್ಟಿಕೊಂಡದ್ದು. ಆ ಶಾಲೆಯಲ್ಲಿ ಬಾಕ್ಸನ್ನು ಸರಿಸದಿದ್ದರೆ ಅವತ್ತೂ ಮೈಕು ಕೂಗುತ್ತಿರಲಿಲ್ಲ. ಇದನ್ನೆಲ್ಲ ಎಂಟು ದಿನದಲ್ಲಿ ಒಂದು ಸಲ ಕೂತು ಯೋಚಿಸಿದ್ದರೆ ನನಗೇ ಹೊಳೆಯುತ್ತಿತ್ತು. ಹೆದರುವುದರಲ್ಲಿ ಹೊತ್ತು ಹೋಯಿತು, ಯೋಚನೆಗೆ ಉಳಿಯಲಿಲ್ಲ.

“ನಾನು ಕೊನೇ ಸಾಲಿಂದ ಬೆರಳು ಎತ್ತಿದೆ ಟೀಚರೇ,” ಎಂದರು. “ಎದ್ದು ನಿಂತೂ ಎತ್ತಿದೆ. ನೀವು ಈ ಕಡೆ ನೋಡಲೇ ಇಲ್ಲ.”

ಯಾಕೆ ನೋಡಲಿಲ್ಲ ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ಮೂಡಿಗೆರೆಯಲ್ಲಿ ಇಳಿದು ಮನೆಯವರೆಗೆ ಬಂದು, “ಮೇಷ್ಟ್ರೇ, ಬಂದ್ವಿ,” ಎಂದು ಗೇಟಿನಿಂದಲೇ ಕೂಗಿ ಹೋದರು.

ಕ್ಯಾಸೆಟ್ ಬಂತು, ಒಂದಷ್ಟು ದಿನ ಜೀಪುಗಳಲ್ಲಿ ಬಸ್ಸುಗಳಲ್ಲಿ ಕೇಳಿಸಿತು. ಎರಡನೆಯದು ಬರಲಿಲ್ಲ. ಹುಡುಗರು ಒಬ್ಬೊಬ್ಬರಾಗಿ ಅಂಗಡಿ, ತೋಟ, ಸಂಸಾರ ಎಂದು ಹೋದರು. ಪ್ರಸನ್ನ ಈಗ ಕೀಬೋರ್ಡನ್ನು ಸಿಮೆಂಟ್ ಚೀಲದ ಮೇಲೆ ಇಟ್ಟಿದ್ದಾನೆ. ನಾನು ಸ್ಟೇಜ್ ಹತ್ತಲಿಲ್ಲ. ರೈಟ್ರು ಚಿಕ್ಕಮಗಳೂರಿನ ಆ ಭಾನುವಾರದ ಮೇಲೆ ಮತ್ತೆ ಮಿಕ್ಸರ್ ಮುಟ್ಟಲಿಲ್ಲ. ಕಿವಿಗೆ ಮಿಷನ್ ಹಾಕಿಸಿಕೊಂಡರು, ರಿಟೈರಾಗಿ ಬಾಳೂರಿನಲ್ಲೇ ಸಣ್ಣ ಮನೆ ಮಾಡಿದರು. ಸಂತೆಯಲ್ಲಿ ಎದುರಾದರೆ, “ಹಾಡ್ತಾ ಇದ್ದೀರಾ ಟೀಚರೇ?” ಎಂದು ಕೇಳುತ್ತಿದ್ದರು. “ಮಕ್ಕಳಿಗೆ ಹೇಳಿಕೊಡ್ತೇನೆ,” ಎನ್ನುತ್ತಿದ್ದೆ. ಎಷ್ಟೋ ಸಲ ದೂರದಿಂದಲೇ ಅವರ ಕೊಡೆ ಕಂಡು ಬೇರೆ ಗಲ್ಲಿಗೆ ತಿರುಗಿದ್ದೂ ಇದೆ. ಇವತ್ತು ಹೇಳಿಬಿಡಬೇಕು, ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತ ಹತ್ತು ವರ್ಷ ಕಳೆದೆ. ಹೇಳಿದರೆ ಅವರು ಏನೆನ್ನುತ್ತಾರೋ ಎಂಬ ಹೆದರಿಕೆ ಒಂದು, ಗೊತ್ತಿದ್ದೂ ಸುಮ್ಮನಿದ್ದಾರೋ ಎಂಬ ಹೆದರಿಕೆ ಇನ್ನೊಂದು.

ಅವರು ಹೋದ ಐದನೇ ದಿನ ಬಾಳೂರಿನ ಬಸ್ಸು ಹತ್ತಿದೆ.

ಸರೋಜಕ್ಕ ಜಗಲಿಯಲ್ಲಿ ಕೂತು ಮೆಣಸಿನ ಕಾಳು ಆರಿಸುತ್ತಿದ್ದರು. ತುಂಬ ಇಳಿದುಹೋಗಿದ್ದರು. ನನ್ನನ್ನು ನೋಡಿ, “ಬಂದ್ಯಾ, ಕೂತ್ಕೋ,” ಎಂದರು. ಅಳಲಿಲ್ಲ. ನಾನೇ ಅತ್ತೆ. ಮಣ್ಣಿಗೆ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆಂದು ಬಸ್ಸಿನಲ್ಲಿ ಮೂರು ಸುಳ್ಳು ಜೋಡಿಸಿಕೊಂಡಿದ್ದೆ, ಅವರು ಕೇಳಲೇ ಇಲ್ಲ. ಕಾಫಿ ಕೊಟ್ಟರು. ಕಾಳು ಆರಿಸುತ್ತ ತಾವಾಗಿಯೇ ಮಾತು ತೆಗೆದರು.

“ಕಿವಿ ಹೋಗಿದ್ದು ನನಗೆ ಎಲ್ಲರಿಗಿಂತ ಮೊದಲೇ ಗೊತ್ತು. ಕುಕ್ಕರ್ ಐದು ಸಲ ಕೂಗಿದ್ರೂ ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರು. ನಾನು ಗೊತ್ತಿಲ್ಲದವಳ ಹಾಗೆ ಇದ್ದೆ. ಆ ಸೌಂಡ್ ಒಂದಿದ್ರೆ ಅವರಿಗೆ ಊಟ ಬೇಡ. ಬಾಯಲ್ಲಿ ಬೈದೆ, ಹೊಟ್ಟೆಯೊಳಗೆ ಖುಷಿ ಇತ್ತು ನನಗೆ.”

“ಹೌದಕ್ಕ.”

“ಅಂಥವರು ಸರಿಯಾಗಿ ಕಂಪನಿಯವರು ಬರೋ ಹೊತ್ತಿಗೆ ಬಿಟ್ಟುಬಿಟ್ರಲ್ಲ. ಎಂತಕ್ಕೆ ಅಂತ ಕೇಳಿದ್ರೆ, ನನಗೆ ಧೈರ್ಯ ಬರಲಿಲ್ಲ ಸರೋಜ, ನಾನೇ ಬೇಡ ಅಂದೆ, ಅಂದ್ರು. ನನಗೆ ಮೈ ಉರಿದುಹೋಯ್ತು. ಅವತ್ತಿಂದ ಮನೆಯಲ್ಲಿ ಮೂಲೆ ಹಿಡಿದು ಕೂತ್ರು. ನೋಡಿದಾಗೆಲ್ಲ ಬೈತಿದ್ದೆ. ಆ ಹುಡುಗಿ ನಿಮ್ಮನ್ನ ನಂಬಿ ಹಾಡ್ತಿದ್ಲು, ಅವಳನ್ನ ನಡು ನೀರಲ್ಲಿ ಕೈ ಬಿಟ್ರಿ, ಅವಳ ಹಾಡೂ ಹಾಳಾಯ್ತು ನಿಮ್ಮಿಂದ ಅಂತ. ಹೋದ ಹಬ್ಬಕ್ಕೂ ಅಂದಿದ್ದೇನೆ. ಒಂದು ದಿನ ಎದುರು ಮಾತಾಡಲಿಲ್ಲ.”

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಸುಮ್ಮನಿದ್ದರೆ ಮುಗಿಯಿತು. ಕೇಳುವವರು ಯಾರೂ ಉಳಿದಿಲ್ಲ, ಪ್ರಸನ್ನ ಹೇಳುವವನಲ್ಲ. ಹತ್ತು ವರ್ಷ ನಾನು ಯಾವುದಕ್ಕೆ ಹೆದರಿದ್ದೆನೋ ಅದು ಇನ್ನು ಬರುವುದೇ ಇಲ್ಲ. ಕಾಫಿ ಕುಡಿದು ಎದ್ದು ಹೋಗಬಹುದಿತ್ತು. ಎಡಗಡೆ ಭುಜ ಮೇಲೆ ಹೋಗಿತ್ತು, ಇಳಿಸಿಕೊಂಡು ಹೇಳಿದೆ.

“ಸರೋಜಕ್ಕ, ಅವರು ಬಿಟ್ಟಿದ್ದಲ್ಲ. ಬಿಡಿಸಿದ್ದು. ಕಿವಿ ವಿಷಯ ನನಗೊಬ್ಬಳಿಗೇ ಹೇಳಿದ್ರು, ಯಾರಿಗೂ ಹೇಳಬೇಡಿ ಅಂತ. ಹೇಳೋದಿಲ್ಲ ಅಂತ ಕೈ ಮುಟ್ಟಿದ್ದೆ. ಹೆದರಿಕೆಯಾಗಿ ಪ್ರಸನ್ನನಿಗೆ ನಾನೇ ಹೇಳಿದೆ. ಹಾಲಿನವರದ್ದೇ ಸೌಂಡ್ ಅಂತ ಅವರಿಗೆ ಸುಳ್ಳು ಹೇಳಿದ್ವಿ.”

ಅವರ ಕೈ ಮೊರದ ಮೇಲೆ ನಿಂತಿತು. ಬೈಯುತ್ತಾರೆ ಎಂದು ಕಾದೆ. ಬೈದರೆ ಸಾಕು ಎನಿಸಿತ್ತು. ಅವರು ನನ್ನನ್ನು ನೋಡಲೂ ಇಲ್ಲ. ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು.

“ಹೇಡಿ ಅಂದಿದ್ದೇನೆ ಅವರನ್ನ,” ಎಂದರು ಕೊನೆಗೆ. “ಹತ್ತು ವರ್ಷ ಅಂದಿದ್ದೇನೆ. ಈಗ ಯಾರ ಹತ್ರ ಹೋಗಿ ಆ ಮಾತು ವಾಪಸ್ ತಗೊಳ್ಳಲಿ ನಾನು, ಹೇಳು.”